ರಾಗಿ ಹೊಲದಲ್ಲಿ ವಿಜ್ಞಾನ

ಮಳೆ ಕೈಕೊಟ್ಟ ವರ್ಷವೂ ನಾಲ್ಕು ಕಾಳು ಮನೆಗೆ ಬರಬೇಕು. ಬೆಳೆದ ನೆಲ ಬಡವಾಗಬಾರದು. ರೈತನ ಖರ್ಚು ಅವನ ಕೈಮೀರಬಾರದು. ಆಹಾರ ವ್ಯವಸ್ಥೆ ಬಾಳಿಕೆ ಬರಬೇಕಾದರೆ ಈ ಮೂರೂ ಕೂಡಿಬರಬೇಕು. ಇದರಲ್ಲಿ ವಿಜ್ಞಾನದ ಪಾಲು ಎಷ್ಟೆಂದು ತಿಳಿಯಲು ಕರ್ನಾಟಕದ ರಾಗಿಯನ್ನೇ ನೋಡಬಹುದು.

ತಳಿಯ ಕೆಲಸ

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ಇಲ್ಲಿನ ಮಣ್ಣಿಗೆ ಒಗ್ಗಿಕೊಂಡಿತು. ಇದರ ಹೂ ಬಹಳ ಚಿಕ್ಕದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಹೀಗಾಗಿ ಎರಡು ತಳಿಗಳನ್ನು ಕೂಡಿಸುವುದು ಕಷ್ಟ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕಷ್ಟದ ಕೆಲಸವನ್ನು ಹಿಡಿದು ಸಾಧಿಸಿದವರು ವಿಜ್ಞಾನಿ ಲಕ್ಷ್ಮಣಯ್ಯ. ದೇಶಿ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಅವರು ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ಇಳುವರಿಯ ಜೊತೆಗೆ ರೋಗದ ಚಿಂತೆಯೂ ಇತ್ತು. ಬೆಂಕಿ ರೋಗದ ಶಿಲೀಂಧ್ರ ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಜಿಪಿಯು-28 ಈ ರೋಗವನ್ನು ಚೆನ್ನಾಗಿ ತಡೆಯುವ ತಳಿ. ರೋಗ ತಡೆಯುವ ಗುಣ ಬೀಜದಲ್ಲೇ ಇದ್ದರೆ ಔಷಧಿ ಸಿಂಪಡಿಸುವ ಖರ್ಚು ಉಳಿಯುತ್ತದೆ, ನೆಲ-ನೀರಿಗೆ ವಿಷ ಸೇರುವುದೂ ತಪ್ಪುತ್ತದೆ.

ಮಣ್ಣಿನ ಲೆಕ್ಕ

ಒಳ್ಳೆಯ ಬೀಜವಿದ್ದರೆ ಸಾಲದು, ಮಣ್ಣೂ ಚೆನ್ನಾಗಿರಬೇಕು. ಇದೇ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದ ಮಳೆಯಾಶ್ರಿತ ಹೊಲದಲ್ಲಿ 1978ರಿಂದ ರಾಗಿಗೆ ಹಾಕುವ ಗೊಬ್ಬರದ ಬಗ್ಗೆ ಒಂದು ದೀರ್ಘಕಾಲದ ಪ್ರಯೋಗ ನಡೆದಿದೆ. ಬರೀ ರಾಸಾಯನಿಕ ಗೊಬ್ಬರ ಕಂಡ ತಾಕುಗಳು ವರ್ಷ ಕಳೆದಂತೆ ಸೊರಗಿದವು. ಕೊಟ್ಟಿಗೆ ಗೊಬ್ಬರ ಮತ್ತು ರಾಸಾಯನಿಕ ಗೊಬ್ಬರ ಎರಡನ್ನೂ ಹದವಾಗಿ ಕಂಡ ತಾಕುಗಳ ಇಳುವರಿ ಕುಗ್ಗದೆ ನಿಂತಿತು. ಒಂದೆರಡು ವರ್ಷದ ಫಸಲು ನೋಡಿ ತೀರ್ಮಾನಿಸಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ರೈತನ ತಿಳಿವು

ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ಹಳೆಯ ಪದ್ಧತಿ. ಅವರೆ, ತೊಗರಿಗಳ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ರಾಗಿ ಕೈಕೊಟ್ಟರೂ ಅಕ್ಕಡಿಯ ಕಾಳು ಮನೆಗೆ ಬರುತ್ತದೆ. ಹಾವೇರಿ ಕಡೆಯ ರೈತರು ಗುಳಿ ರಾಗಿ ಬೆಳೆಯುತ್ತಾರೆ: ಅಂತರ ಬಿಟ್ಟು ಗುಳಿ ಮಾಡಿ, ಗೊಬ್ಬರ ಹಾಕಿ ಎಳೆಯ ಸಸಿ ನೆಡುತ್ತಾರೆ. ಸಸಿ ಚಿಗುರಿದ ಮೇಲೆ ಗಿಡಗಳ ಮೇಲೆ ಮರದ ಕೊರಡು ಎಳೆಯುತ್ತಾರೆ. ಬಾಗಿದ ಗಿಡ ಹೆಚ್ಚು ತೆಂಡೆ ಒಡೆಯುತ್ತದೆ. ಇವೆಲ್ಲ ಪ್ರಯೋಗಾಲಯಕ್ಕಿಂತ ಮೊದಲು ಹೊಲದಲ್ಲೇ ಹುಟ್ಟಿದ ತಿಳಿವು. ಇದನ್ನು ಅಳೆದು, ಕಾರಣ ತಿಳಿದು, ಬೇರೆ ಊರಿಗೂ ಹೊಂದಿಸುವುದು ವಿಜ್ಞಾನದ ಕೆಲಸ.

ಬೀಜ ಉಳಿಸಿಕೊಳ್ಳುವುದೂ ರೈತನ ಕೈಯಲ್ಲೇ ಇದೆ. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಇಂಡಾಫ್, ಜಿಪಿಯು-28 ತಳಿಗಳು ಹೈಬ್ರಿಡ್ ಅಲ್ಲ. ಆದ್ದರಿಂದ ಬೀಜವನ್ನು ಪ್ರತಿವರ್ಷ ಅಂಗಡಿಯಿಂದ ತರಬೇಕಿಲ್ಲ. ರೋಗವಿಲ್ಲದ ದಪ್ಪ ತೆನೆಗಳನ್ನು ಹೊಲದಲ್ಲೇ ಗುರುತು ಮಾಡಿ, ಬೇರೆಯಾಗಿ ಒಕ್ಕಣೆ ಮಾಡಿ, ಒಣಗಿಸಿ ಇಡಿ. ಬಿತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿ ಎಷ್ಟು ಮೊಳೆಯುತ್ತವೆಂದು ಎಣಿಸಿ. ಮೊಳಕೆ ಕಡಿಮೆಯಾದರೆ, ತಳಿ ಕಲಬೆರಕೆಯಾದರೆ ಹೊಸ ಬೀಜ ತನ್ನಿ.