ಹೊಗೆ ಹತ್ತಿದ ಬಾರ್ಲಿ

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನಿಂತರೆ ಮೂಗಿಗೆ ಬಿಡುವಿರುವುದಿಲ್ಲ. ಕೋಲಾರ, ಮುಳಬಾಗಿಲು, ತಿರುಪತಿ ಕಡೆಯ ಬಸ್ಸುಗಳು ಬಿಟ್ಟುಹೋಗುವ ಡೀಸೆಲ್ ಹೊಗೆ ಒಂದು ಕಡೆ. ತಳ್ಳುಗಾಡಿಯ ಕೆಂಡದ ಮೇಲೆ ಚಟಪಟ ಅನ್ನುತ್ತಿರುವ ಮುಸುಕಿನ ಜೋಳ ಇನ್ನೊಂದು ಕಡೆ. ಅಷ್ಟು ಗದ್ದಲದ ನಡುವೆಯೂ ಮೂಗು ಜೋಳವನ್ನು ಹುಡುಕಿಕೊಳ್ಳುತ್ತದೆ. ಜೋಳದ ಕಾಳಿನ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲ ಧಾರಾಳವಾಗಿದೆ. ಬೆಂಕಿ ತಾಗಿದಾಗ ಅದು ಒಡೆದು ಗ್ವಾಯಕಾಲ್ ಎಂಬ ಅಣುವೂ ಅದರ ದಾಯಾದಿಗಳೂ ಹುಟ್ಟುತ್ತವೆ. ನೂರು ಕೋಟಿ ಪಾಲು ನೀರಿನಲ್ಲಿ ಗ್ವಾಯಕಾಲ್ ಮೂರು-ನಾಲ್ಕು ಪಾಲಿದ್ದರೂ ಸಾಕು, ನಮ್ಮ ಮೂಗು ಹಿಡಿದುಬಿಡುತ್ತದೆ.

ಇದೇ ಅಣುವನ್ನು ನಾನು ಮತ್ತೆ ಕಂಡದ್ದು ಅಲ್ಲೇ ಬೆನ್ನಿಗಾನಹಳ್ಳಿಯ ಗೆಳೆಯನ ಮನೆಯಲ್ಲಿ. ಪೀಟ್ ಹೊಗೆ ಹಾಕಿದ ಸಿಂಗಲ್ ಮಾಲ್ಟ್ ವಿಸ್ಕಿಯ ಬಾಟಲಿಯ ಮುಚ್ಚಳ ತೆರೆದಿದ್ದನಷ್ಟೆ. ಒಳಗಿನಿಂದ ಅವನ ಅತ್ತೆ, “ಫಿನಾಯಿಲ್ ಚೆಲ್ಲಿದ್ರಾ?” ಎಂದು ಕೂಗಿದರು. ಗೆಳೆಯ ತೀರ್ಥಹಳ್ಳಿ ಕಡೆಯವನು. ಅವನಿಗೆ ಅದೇ ವಾಸನೆಯಲ್ಲಿ ಊರಿನ ಬಚ್ಚಲುಮನೆಯ ಹಂಡೆ, ಹಸಿ ಸೌದೆ ಉರಿಸಿ ಕಾಯಿಸಿದ ನೀರು ಕಂಡಿತು. ಇಬ್ಬರೂ ಹೇಳಿದ್ದು ಸರಿ. ಕಲ್ಲಿದ್ದಲ ಡಾಂಬರಿನಿಂದ ತಯಾರಾಗುತ್ತಿದ್ದ ಕಪ್ಪು ಫಿನಾಯಿಲ್‌ನಲ್ಲಿ ಇರುವುದು ಫೀನಾಲ್ ಮತ್ತು ಕ್ರೆಸಾಲ್ ಬಳಗ. ಸೌದೆಯ ಹೊಗೆಯಲ್ಲಿ ಮೇಲುಗೈ ಗ್ವಾಯಕಾಲ್‌ನದು. ಪೀಟ್ ಹೊಗೆಯಲ್ಲಿ ಎರಡೂ ಇವೆ. 1865ರಲ್ಲಿ ಜೋಸೆಫ್ ಲಿಸ್ಟರ್ ಗಾಯಗಳು ಕೀವಾಗದಂತೆ ಬಳಸಿದ ಕಾರ್ಬಾಲಿಕ್ ಆಮ್ಲವೂ ಫೀನಾಲೇ; ಹಳೆಯ ಕೆಂಪು ಲೈಫ್‌ಬಾಯ್ ಸೋಪಿನ ಘಾಟೂ ಅದೇ.

ನಮ್ಮ ಅಡುಗೆಮನೆಗಳಲ್ಲಿ ಹೊಗೆ ವಾಸನೆ ಒಂದು ದೋಷ. ‘ಹಾಲಿಗೆ ಹೊಗೆ ಹತ್ತಿದೆ’ ಎಂದರೆ ಕಾಯಿಸಿದವರಿಗೆ ಬೈಗುಳ. ಸ್ಕಾಟ್ಲೆಂಡಿನ ಐಲಾ ದ್ವೀಪದವರು ಅದೇ ದೋಷವನ್ನು ದುಬಾರಿ ಬೆಲೆಗೆ ಮಾರುತ್ತಾರೆ. ಅವರಿಗೂ ಅದು ಮೊದಲು ರುಚಿಯ ಪ್ರಶ್ನೆಯಾಗಿರಲಿಲ್ಲ, ಉರುವಲಿನ ಪ್ರಶ್ನೆಯಾಗಿತ್ತು. ಸಿಂಗಲ್ ಮಾಲ್ಟ್ ಅಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬಂದ ಬಾರ್ಲಿಯೊಂದರಿಂದಲೇ ಇಳಿಸಿದ ವಿಸ್ಕಿ. ಮಗುವಿನ ಸರಿಹಿಟ್ಟಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುತ್ತೇವಲ್ಲ, ಬಾರ್ಲಿಗೂ ಅದೇ ಉಪಚಾರ. ನಮಗೆ ಒಣಗಿಸಲು ಬಿಸಿಲಿದೆ. ಮಳೆಯ, ಮರವಿಲ್ಲದ ಆ ದ್ವೀಪದಲ್ಲಿ ಬಿಸಿಲೂ ಇಲ್ಲ, ಸೌದೆಯೂ ಇಲ್ಲ. ಇದ್ದದ್ದು ಪೀಟ್. ನೀರು ನಿಂತ ಜೌಗಿನಲ್ಲಿ ಆಮ್ಲಜನಕ ಸಿಗದೆ ಅರೆಕೊಳೆತ ಪಾಚಿ, ಹುಲ್ಲು, ಬೇರುಗಳು ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಉರಿಯುತ್ತದೆ, ಉರಿಗಿಂತ ಹೆಚ್ಚಾಗಿ ಹೊಗೆಯುತ್ತದೆ.

ಹೊಗೆ ಅಂಟುವುದು ಕಾಳಿನ ಹೊಟ್ಟಿಗೆ, ಅದೂ ಹೊಟ್ಟು ಇನ್ನೂ ತೇವವಾಗಿರುವಾಗ. ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದರೂ ಅಷ್ಟಾಗಿ ಹಿಡಿಯುವುದಿಲ್ಲ. ಯಾವ ಪೀಟ್ ಎಂಬುದೂ ಮುಖ್ಯ. ಜೌಗಿನ ಸ್ಫ್ಯಾಗ್ನಮ್ ಪಾಚಿಯಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಇಲ್ಲ. ಹಾಗಾಗಿ ಪಾಚಿಯೇ ಹೆಚ್ಚಿರುವ ಪೀಟ್ ಫೀನಾಲ್, ಕ್ರೆಸಾಲ್ ಕಡೆಗೆ, ಅಂದರೆ ಆಸ್ಪತ್ರೆಯ ಕಡೆಗೆ ವಾಲುತ್ತದೆ. ಗಿಡದ ಕಡ್ಡಿ, ಬೇರು ಹೆಚ್ಚಿದ್ದರೆ ಸೌದೆ ಒಲೆಯ ಕಡೆಗೆ.

ಬಾಟಲಿಪ್ರಿಯರು ‘ಇದು ನಲವತ್ತು ಪಿಪಿಎಂ, ಅದು ಐವತ್ತೈದು’ ಎಂದು ವಾದಕ್ಕೆ ನಿಲ್ಲುವುದುಂಟು. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಫೀನಾಲ್ ಎಂಬ ಲೆಕ್ಕ. ಆದರೆ ಅದನ್ನು ಅಳೆಯುವುದು ಸಾಮಾನ್ಯವಾಗಿ ಕಾಳಿನಲ್ಲಿ, ಲೋಟದಲ್ಲಲ್ಲ. ರುಬ್ಬಿ, ಹುದುಗಿಸಿ, ಎರಡು ಸಲ ಭಟ್ಟಿ ಇಳಿಸುವಾಗ ಅರ್ಧಕ್ಕಿಂತ ಹೆಚ್ಚು ಹೊಗೆ ಕಳೆದುಹೋಗುತ್ತದೆ. ಭಟ್ಟಿಯಲ್ಲಿ ಫೀನಾಲ್‌ಗಳು ಸೋಮಾರಿಗಳು, ಕೊನೆಯ ಹೊತ್ತಿಗೆ ಇಳಿಯುತ್ತವೆ. ಭಟ್ಟಿಯವನು ಬೇಗ ಧಾರೆ ಕಡಿದರೆ ವಿಸ್ಕಿ ಸೌಮ್ಯ, ತಡ ಮಾಡಿದರೆ ಘಾಟು. ಐಲಾದ ಲಗವೂಲಿನ್ ಮತ್ತು ಕಲ್ ಈಲಾ ಎರಡಕ್ಕೂ ಹೊಗೆ ಹಾಕಿದ ಕಾಳು ಬರುವುದು ಪೋರ್ಟ್ ಎಲೆನ್ ಎಂಬ ಒಂದೇ ಕಡೆಯಿಂದ. ಕುಡಿದವರಿಗೆ ಮೊದಲನೆಯದು ದಟ್ಟ, ಎರಡನೆಯದು ತಿಳಿ. ಪಿಪಿಎಂ ವಾದ ಗೆದ್ದವರು ವಿಸ್ಕಿಯ ಬಗ್ಗೆ ಏನೂ ಗೆದ್ದಂತಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಟಿನ್ ಫ್ಯಾಕ್ಟರಿಯಿಂದ ನಾಲ್ಕು ಹೆಜ್ಜೆ ನಡೆದು ಬೆನ್ನಿಗಾನಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಊರಿನ ಇನ್ನೊಂದು ತುದಿ ಚಲ್ಲಘಟ್ಟ. ಅದರಾಚೆ ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಕಂಪನಿ. ರಮ್, ಬ್ರಾಂದಿ, ಮಿಶ್ರ ವಿಸ್ಕಿ ಮಾಡಿಕೊಂಡಿದ್ದ ಇವರು ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ, ತಮ್ಮ ಸಿಂಗಲ್ ಮಾಲ್ಟನ್ನು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದರು. ಕೊಲ್ಲಾಪುರದವರ ಎದುರಿಗೇ ಬೆಲ್ಲ ಮಾರಿದಂತೆ! ಆಮೇಲೆ ಬಂದದ್ದು ‘ಫ್ಯೂಷನ್’. ಅದರಲ್ಲಿ ನಾಲ್ಕನೇ ಮೂರು ಪಾಲು ಹೊಗೆಯಿಲ್ಲದ ನಮ್ಮ ಬಾರ್ಲಿ, ನಾಲ್ಕನೇ ಒಂದು ಪಾಲು ಪೀಟ್ ಹೊಗೆ ಹತ್ತಿಸಿಕೊಂಡೇ ಹಡಗಿಳಿದ ಸ್ಕಾಟ್ಲೆಂಡಿನ ಬಾರ್ಲಿ. 2010ರ ‘ವಿಸ್ಕಿ ಬೈಬಲ್’ ಸಂಪುಟದಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರಿ ಇದಕ್ಕೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ. ಬೆಂಗಳೂರಿನದೇ ಆದ ಜಾನ್ ಡಿಸ್ಟಿಲರೀಸ್ ಇದನ್ನು ತಿರುವುಮುರುವು ಮಾಡಿತು: ಗೋವಾದ ತನ್ನ ಭಟ್ಟಿಗೆ ಸ್ಕಾಟ್ಲೆಂಡಿನ ಪೀಟನ್ನೇ ತರಿಸಿ, ಅದರ ಹೊಗೆಯನ್ನು ಭಾರತದ ಬಾರ್ಲಿಗೆ ಹಿಡಿಸಿತು. ಅದರ ‘ಪಾಲ್ ಜಾನ್ ಬೋಲ್ಡ್’ ಹೀಗೆ ಐಲಾದ ಹೊಗೆ ಕುಡಿದದ್ದು.

ಅಂದರೆ ಕಾಳು ಬರಲಿ, ಪೀಟ್ ಬರಲಿ, ಹೊಗೆ ಮಾತ್ರ ಕಡ. ಬೆಂಗಳೂರಿನ ಸ್ವಂತ ಕಾಣಿಕೆ ಸೆಖೆ. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಮಾಗಿಸುವ ಓಕ್ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 2 ಪಾಲು ಆವಿಯಾದರೆ ಇಲ್ಲಿ 10ರಿಂದ 12. ‘ದೇವತೆಗಳ ಪಾಲು’ ಎಂದು ಅಲ್ಲಿಯವರು ಅದನ್ನು ಕರೆಯುತ್ತಾರೆ. ಕಂಬೀಪುರದವರು ಉಳಿದದ್ದನ್ನು ‘ದುರಾಸೆಯ ದೇವತೆಗಳು’ ಎಂಬ ಅರ್ಥದ ಹೆಸರಿನಲ್ಲಿ ಬಾಟಲಿಗೆ ತುಂಬಿದರು. ನಷ್ಟವನ್ನು ಇಷ್ಟು ಚೆನ್ನಾಗಿ ಮಾರಿದವರು ಕಡಿಮೆ. ಸೆಖೆಗೆ ಓಕ್ ಮರವೂ ಬೇಗ ಬಿಟ್ಟುಕೊಡುತ್ತದೆ. ಅಲ್ಲಿ ಹತ್ತು-ಹನ್ನೆರಡು ವರ್ಷ ಕಾದು ಪಡೆಯುವ ಬಣ್ಣ, ವೆನಿಲಾ ಕಂಪು ಇಲ್ಲಿ ನಾಲ್ಕೈದು ವರ್ಷಕ್ಕೇ ಸಿಗುತ್ತವೆ. ಪೀಪಾಯಿಯಲ್ಲಿ ಕಾಲ ಕಳೆದಷ್ಟೂ ಹೊಗೆ ಮಂಕಾಗುತ್ತದೆ. ಇಲ್ಲಿ ಮರ ಬೇಗ ಹಣ್ಣಾಗಿ, ಹೊಗೆ ಇನ್ನೂ ಎಳೆಯದಾಗಿರುವಾಗಲೇ ಬಾಟಲಿ ತುಂಬುತ್ತದೆ. ಸಿಹಿಯೂ ಘಾಟೂ ಒಟ್ಟಿಗೇ ಎದ್ದು ಬರುವುದು ಈ ಕಾರಣಕ್ಕೆ. ವೆನಿಲಾದ ಪರಿಮಳ ಕೊಡುವ ವೆನಿಲಿನ್ ಬಂದದ್ದೂ ಮರದ ಲಿಗ್ನಿನ್‌ನಿಂದ. ರಚನೆ ನೋಡಿದರೆ ಅದು ಗ್ವಾಯಕಾಲ್‌ನ ಒಡಹುಟ್ಟು.

ನೀರು ಬೆರೆಸಬೇಕೋ ಬೇಡವೋ ಎಂಬ ಹಳೆಯ ಜಗಳಕ್ಕೂ ಗ್ವಾಯಕಾಲ್ ಸಾಕ್ಷಿ ಹೇಳಿದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ಅಣುಗಳ ಚಲನೆ ಲೆಕ್ಕ ಹಾಕಿದರು. ಆಲ್ಕೊಹಾಲ್ ನೂರಕ್ಕೆ 59 ಪಾಲಿಗಿಂತ ಹೆಚ್ಚಿದ್ದರೆ ಅದು ಗ್ವಾಯಕಾಲ್ ಅನ್ನು ಸುತ್ತುವರಿದು ಒಳಗೆ ಎಳೆದುಕೊಳ್ಳುತ್ತದೆ; 45ಕ್ಕೆ ಇಳಿಸಿದರೆ ಅಣುಗಳು ಮೇಲ್ಮೈಗೆ ಬಂದು ನಿಲ್ಲುತ್ತವೆ. ಗೆಳೆಯ ಒಂದು ಚಮಚ ನೀರು ಹಾಕಿದ ಮೇಲೆ ಅತ್ತೆ ಕಿಟಕಿ ತೆಗೆಸಿದರು.

ನಮ್ಮಲ್ಲಿ ಪೀಟ್ ಇಲ್ಲವೇ? ನೀಲಗಿರಿಯ ಎತ್ತರದ ಕಣಿವೆಗಳಲ್ಲಿ, ಕನ್ನಡದ ನಂಟಿನ ಮಾತಾಡುವ ಬಡಗರ ಸೀಮೆಯಲ್ಲಿ, ಇದೆ. ಅದರಿಂದ ಯಾರೂ ವಿಸ್ಕಿಗೆ ಹೊಗೆ ಹಾಕಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪೀಟಿನ ಪದರಗಳಲ್ಲಿ ಇಂಗಾಲದ ಎರಡು ಐಸೊಟೋಪುಗಳ ಅನುಪಾತ ಅಳೆದರು. ಒಣ ಕಾಲದಲ್ಲಿ ಹಬ್ಬುವ ಹುಲ್ಲು ಒಂದು ಅನುಪಾತ ಬಿಟ್ಟುಹೋಗುತ್ತದೆ, ತೇವದ ಕಾಲದ ಗಿಡಮರಗಳು ಇನ್ನೊಂದು. ಹಾಗೆ ಓದಿ ತೆಗೆದ 20,000 ವರ್ಷಗಳ ಮುಂಗಾರಿನ ಏರಿಳಿತ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.