ಅಡ್ಡರಸ್ತೆಯೇ ಇಲ್ಲದ ಊರಲ್ಲಿ ಟ್ರಾಫಿಕ್ ಇನ್ನೇನಾಗುತ್ತೆ?

2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವಿಪ್ರೋದ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಹೊರವರ್ತುಲ ರಸ್ತೆಯ ದಟ್ಟಣೆ ತಗ್ಗಿಸಲು ಸರ್ಜಾಪುರ ಕ್ಯಾಂಪಸ್ಸಿನ ಒಳಗಿಂದ ಒಂದಷ್ಟು ವಾಹನ ಬಿಡಿ ಎಂದು ಕೇಳಿದರು. ಅದು ಖಾಸಗಿ ಜಾಗ, ಮೇಲಾಗಿ ವಿಶೇಷ ಆರ್ಥಿಕ ವಲಯ, ಆಗಲ್ಲ ಅಂತ ಉತ್ತರ ಬಂತು. ಸರ್ಕಾರ ಸರಿಯೋ, ಕಂಪನಿ ಸರಿಯೋ ಅನ್ನೋದು ಹಾಗಿರಲಿ. ಒಂದು ಸರ್ಕಾರ ರಸ್ತೆಗಾಗಿ ಕಂಪನಿಯ ಗೇಟು ತಟ್ಟುವ ಸ್ಥಿತಿ ಬಂದದ್ದು ಹೇಗೆ?

1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರವನ್ನೇ ನೋಡಿ. ಮೇನ್‌ಗಳನ್ನು ಕ್ರಾಸ್‌ಗಳು ಕತ್ತರಿಸುತ್ತವೆ. ಒಂದು ಕ್ರಾಸ್ ಬಂದ್ ಆದರೆ ಪಕ್ಕದ್ದು ಹಿಡಿದರಾಯ್ತು. ಸರ್ಜಾಪುರ, ವರ್ತೂರು ಕಡೆ ಹಾಗಿಲ್ಲ. ಅಲ್ಲಿ ಹೊಲಗಳು ತುಂಡು ತುಂಡಾಗಿ ಮಾರಾಟವಾದವು. ಪ್ರತಿ ತುಂಡಿಗೂ ಒಂದು ಕಾಂಪೌಂಡ್, ಒಂದು ಗೇಟು. ಪಕ್ಕದ ಬಡಾವಣೆಗೆ ದಾರಿ ಕೊಡಿಸುವವರು ಯಾರೂ ಇರಲಿಲ್ಲ. ಗೋಡೆಯಾಚೆ ಕಾಣೋ ಅಂಗಡಿಗೆ ಹೋಗಲೂ ಮುಖ್ಯರಸ್ತೆಗೇ ಇಳಿಯಬೇಕು. ಎಲ್ಲರೂ ಇಳಿದರೆ ಅದು ಜಾಮ್ ಆಗದೆ ಇನ್ನೇನು?

ಇದನ್ನು ಅಳೆಯಬಹುದು. ಒಂದು ಕೂಡುಜಾಗದಿಂದ ಎಷ್ಟು ದಾರಿ ಹೊರಡುತ್ತವೆ ಅಂತ ಎಣಿಸಿ: ಕ್ರಾಸ್ ಆದರೆ ನಾಲ್ಕು, ಟಿ ಜಂಕ್ಷನ್ ಆದರೆ ಮೂರು, ಡೆಡ್ ಎಂಡ್ ಆದರೆ ಒಂದೇ. ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬ ಸಂಶೋಧಕರು ಇಂಥ ಅಳತೆಗಳಿಂದಲೇ ನಗರಗಳ ಬೆಳವಣಿಗೆಯನ್ನು ನೋಡಿದರು. 2020ರ ಅವರ ಅಧ್ಯಯನದ ಪ್ರಕಾರ, 1975ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳು ಒಂದಕ್ಕೊಂದು ಕೂಡುವುದು ಕಡಿಮೆಯಾಗುತ್ತಾ ಬಂದಿದೆ. ಆದರೆ ಇದು ಹಣೆಬರಹವೇನಲ್ಲ. ಅಮೆರಿಕದಲ್ಲಿ ಈ ಪ್ರವೃತ್ತಿ 1990ರ ದಶಕದ ಮಧ್ಯದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯಿತು ಎಂದು 2015ರಲ್ಲೇ ಅವರು ತೋರಿಸಿದ್ದರು.

ತೊಂದರೆ ಏನೆಂದರೆ, ಕಟ್ಟಡ ಒಡೆದು ಕಟ್ಟಬಹುದು, ಬೀದಿಯ ನಕ್ಷೆ ಮಾತ್ರ ಸುಲಭಕ್ಕೆ ಬದಲಾಗಲ್ಲ. ಒಮ್ಮೆ ಸೈಟು ಮಾರಾಟವಾದ ಮೇಲೆ ಅಡ್ಡರಸ್ತೆ ಬೇಕೆಂದರೆ ಭೂಸ್ವಾಧೀನ, ಪರಿಹಾರ, ಕೋರ್ಟು. ಬಡಾವಣೆಗೆ ಅನುಮೋದನೆ ಕೊಡುವ ದಿನ ನಕ್ಷೆಯ ಮೇಲೆ ಎಳೆದಿದ್ದರೆ ಒಂದು ಗೆರೆ ಸಾಕಿತ್ತು.

ಇದರ ಬೆಲೆ ತೆರೋರು ಕಾರಿನಲ್ಲಿ ಕೂತವರಷ್ಟೇ ಅಲ್ಲ. ಗೇಟುಗಳ ನಡುವೆ ಬಸ್ ನುಗ್ಗಲ್ಲ. ಮನೆಗೆಲಸಕ್ಕೆ ಬರುವ ಹೆಂಗಸರು, ಸ್ಕೂಲಿಗೆ ನಡೆಯೋ ಮಕ್ಕಳು ಸುತ್ತು ಹಾಕ್ತಾರೆ.

ಹಾಗಾದರೆ ಏನು ಮಾಡಬೇಕು? ಅನುಮೋದಿತ ಬಡಾವಣೆಯಲ್ಲಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದ್ದು, ಹೈಕೋರ್ಟ್ ಕೂಡ ಹೀಗೇ ಹೇಳಿದೆ. ಅಂಥ ಕಡೆಯ ಗೇಟು ಮೊದಲು ತೆಗೆಸಬೇಕು. ಗೋಡೆಗಳ ನಡುವೆ ಕನಿಷ್ಠ ನಡೆಯಲು, ಸೈಕಲ್ಲಿಗೆ ದಾರಿ ಬಿಡಿಸಬೇಕು. ಹೊಸ ಬಡಾವಣೆಯ ರಸ್ತೆ ಪಕ್ಕದ ಜಮೀನಿನ ಗಡಿವರೆಗೂ ಹೋಗಿ ಕೂಡಲೇಬೇಕೆಂದು ನಿಯಮ ಬೇಕು.

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗದ ಬಗ್ಗೆ ನಾವು ಮಾಡಿದಷ್ಟು ಚರ್ಚೆ ಈ ಗೆರೆಗಳ ಬಗ್ಗೆ ಆಗಿಲ್ಲ. ದೇವನಹಳ್ಳಿ, ಆನೇಕಲ್ ಕಡೆ ಅವು ಈಗಲೂ ಬೀಳ್ತಾ ಇವೆ. ಮತ ಕೇಳೋಕೆ ಬಂದವರನ್ನು ಫ್ಲೈಓವರ್ ಯಾವಾಗ ಅಂತ ಕೇಳೋದು ಸಾಕು, ಅಡ್ಡರಸ್ತೆ ಎಲ್ಲಿ ಅಂತ ಕೇಳೋಣ.