ನೆತ್ತಿಯ ಮೇಲಿನ ಬೋಳು ಗೆರೆ

ಮಗಳಿಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವಾಗ, ಹಣೆಯಿಂದ ನೆತ್ತಿಯತ್ತ ಸಾಗುವ ಒಂದು ಗೆರೆಯಲ್ಲಿ ಕೂದಲು ಉದುರಿರುವುದು ಕೆಲವೊಮ್ಮೆ ತಾಯಿಯ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಚರ್ಮ ನಯವಾಗಿ ಹೊಳೆಯುತ್ತದೆ, ಮುಟ್ಟಿದರೆ ಬಿರುಸಾಗಿರುತ್ತದೆ, ಕ್ರಮೇಣ ತಗ್ಗು ಬೀಳುತ್ತದೆ. “ಹುಳು ತಿಂದಿದೆ” ಎಂದು ಈರುಳ್ಳಿಯ ರಸ ತಿಕ್ಕುತ್ತಾ ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ಇದು ಸರಿಯಲ್ಲ.

ಈ ರೋಗಕ್ಕೆ ಮಾರ್ಫಿಯ ಎಂದು ಹೆಸರು. ಹಣೆ ಮತ್ತು ನೆತ್ತಿಯ ಮೇಲೆ ಗೆರೆಯಂತೆ ಬಂದಾಗ ಇದು ಕತ್ತಿಯ ಏಟಿನ ಗುರುತಿನಂತೆ ಕಾಣುತ್ತದೆ. ಬಹುಮಟ್ಟಿಗೆ ಬಾಲ್ಯದಲ್ಲೇ ಆರಂಭವಾಗುವ ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಚರ್ಮದಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಆಗ ಚರ್ಮಕ್ಕೆ ಆಧಾರವಾದ ಕೊಲ್ಯಾಜನ್ ಎಂಬ ನಾರು ಮಿತಿಮೀರಿ ಬೆಳೆದು, ಕೂದಲಿನ ಬುಡಗಳು ನಾಶವಾಗುತ್ತವೆ. ಬುಡವೇ ಇಲ್ಲವಾದ ಮೇಲೆ ಯಾವ ಎಣ್ಣೆಯಿಂದಲೂ ಅಲ್ಲಿ ಕೂದಲು ಮತ್ತೆ ಹುಟ್ಟದು. ಆದುದರಿಂದ ರೋಗವು ಹರಡುತ್ತಿರುವಾಗಲೇ ಚಿಕಿತ್ಸೆ ದೊರೆಯಬೇಕು.

ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಒಂದೇ ಬಾಚಣಿಗೆ ಬಳಸುವುದರಿಂದಾಗಲಿ, ದಾಂಪತ್ಯ ಸಂಬಂಧದಿಂದಾಗಲಿ ಹರಡುವುದಿಲ್ಲ. ಈ ಕಾರಣಕ್ಕಾಗಿ ಸೊಸೆಯನ್ನು ದೂರವಿಡುವುದು ಅನ್ಯಾಯ.

ಗೆರೆ ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಚರ್ಮರೋಗ ತಜ್ಞರನ್ನು ಕಾಣಿರಿ. ತಲೆನೋವು, ಮೂರ್ಛೆ ಅಥವಾ ಕಣ್ಣಿನ ತೊಂದರೆ ಇದ್ದರೆ ತಪ್ಪದೆ ತಿಳಿಸಿರಿ. ಈ ರೋಗವು ಕೆಲವರಲ್ಲಿ ಮಿದುಳು ಮತ್ತು ಕಣ್ಣುಗಳನ್ನೂ ಬಾಧಿಸಬಹುದು.

ರೋಗವನ್ನು ತಡೆಯಲು ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಮತ್ತು ಮೆಥೊಟ್ರೆಕ್ಸೇಟ್ ಔಷಧಿಗಳನ್ನು ಕೊಡುತ್ತಾರೆ. ಮೆಥೊಟ್ರೆಕ್ಸೇಟನ್ನು ವಾರಕ್ಕೆ 1 ದಿನ ಮಾತ್ರ ಸೇವಿಸಬೇಕು; ದಿನವೂ ಸೇವಿಸಿದರೆ ಪ್ರಾಣಾಪಾಯವಾದೀತು. ಆಗಾಗ ರಕ್ತಪರೀಕ್ಷೆಯೂ ಅಗತ್ಯ.

ದಂಪತಿಗಳು ಮುಖ್ಯವಾಗಿ ಗಮನಿಸಬೇಕಾದ ವಿಷಯವೊಂದಿದೆ. ಗರ್ಭಿಣಿಯು ಮೆಥೊಟ್ರೆಕ್ಸೇಟ್ ಸೇವಿಸಿದರೆ ಗರ್ಭಪಾತವಾಗಬಹುದು, ಇಲ್ಲವೆ ಮಗು ಅಂಗವೈಕಲ್ಯದಿಂದ ಹುಟ್ಟಬಹುದು. ಆದುದರಿಂದ ಪತ್ನಿಯು ಈ ಔಷಧಿ ಸೇವಿಸುತ್ತಿರುವಷ್ಟು ಕಾಲ ನಿರೋಧ್, ನುಂಗುವ ಮಾತ್ರೆ, ಕಾಪರ್-ಟಿ ಮೊದಲಾದವುಗಳಲ್ಲಿ ತಕ್ಕುದನ್ನು ವೈದ್ಯರ ಸಲಹೆಯಂತೆ ಅನುಸರಿಸಿರಿ. ಮಗು ಬೇಕೆನಿಸಿದಾಗ ಮೊದಲು ವೈದ್ಯರಿಗೆ ತಿಳಿಸಿರಿ. ಅವರು ಔಷಧಿಯನ್ನು ನಿಲ್ಲಿಸಿ, ಎಷ್ಟು ತಿಂಗಳು ಕಾಯಬೇಕೆಂದು ಹೇಳುವರು. ಮುಟ್ಟು ತಪ್ಪಿದರೆ ಅಂದೇ ಅವರನ್ನು ಕಾಣಿರಿ. ಎದೆಹಾಲುಣಿಸುವ ತಾಯಿಗೂ ಈ ಔಷಧಿ ಸಲ್ಲದು.

ರೋಗವು ಪೂರ್ಣವಾಗಿ ಶಾಂತವಾದ ಮೇಲೆ ಕೆಲವರಿಗೆ ಕೂದಲು ನಾಟಿಯ ಶಸ್ತ್ರಚಿಕಿತ್ಸೆಯನ್ನು ಮಾಡಬಹುದು. ಆದರೆ ಉಳಿದಿರುವ ಕೂದಲನ್ನು ಉಳಿಸಿಕೊಳ್ಳುವುದೇ ಮೇಲು. ಇಂದೇ ಮಕ್ಕಳ ತಲೆಯನ್ನು ಬೈತಲೆ ತೆಗೆದು ನೋಡಿರಿ.